ಪೂಲ್‌ನ ಘಾಟಿಗೂ ನಮ್ಮ ಮೂಗಿಗೂ ಮಧ್ಯೆ ಇರೋದು ಒಂದು ಸ್ನಾನ

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದಿಂದ ಒಂದೇ ಮಾತು. ಪೂಲ್‌ಗೆ ಕ್ಲೋರಿನ್ ಜಾಸ್ತಿ ಸುರಿಯುತ್ತಿದ್ದಾರೆ, ಮಕ್ಕಳಿಗೆ ಮೂಗು ಉರಿ, ಸೀನು, ಅದನ್ನು ಅರ್ಧಕ್ಕೆ ಇಳಿಸಿ ಅಂತ. ಹತ್ತು ಹನ್ನೆರಡು ಜನ ಹೌದು ಹೌದು ಅಂದಿದ್ದಾರೆ. ಮೂಗು ಉರಿಯುವುದು ನಿಜ, ಆ ಕಷ್ಟ ನನಗೆ ಚೆನ್ನಾಗಿ ಗೊತ್ತು. ಆದರೆ ಕೇಳುತ್ತಿರುವ ಪರಿಹಾರ ಮಾತ್ರ ತಪ್ಪು, ಅದರಿಂದ ಮಕ್ಕಳಿಗೆ ಇನ್ನೂ ತೊಂದರೆ ಆಗಬಹುದು. ಎರಡು ಸಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈಜು ಕಲಿತದ್ದು ನಲವತ್ತು ದಾಟಿದ ಮೇಲೆ. ಮನೆಯಿಂದ ಎರಡು ಕಿಲೋಮೀಟರ್ ದೂರದ ಒಂದು ಪೂಲ್, ಮೇಲೆ ಶೀಟ್ ಹಾಕಿ ಮುಚ್ಚಿದ್ದು, ಬೆಳಿಗ್ಗೆ ಆರರ ಬ್ಯಾಚ್. ಮೊದಲ ಮೂರು ವಾರ ಖುಷಿಯೋ ಖುಷಿ. ಆಮೇಲೆ ಶುರುವಾಯಿತು. ಪೂಲ್‌ನಿಂದ ಬಂದು ತಿಂಡಿ ಮಾಡುವಷ್ಟರಲ್ಲಿ ಇಪ್ಪತ್ತು ಸೀನು. ಮಧ್ಯಾಹ್ನಕ್ಕೆ ಮೂಗು ಪೂರ್ತಿ ಕಟ್ಟುತ್ತಿತ್ತು, ಹುಬ್ಬಿನ ನಡುವೆ ಕಲ್ಲು ಇಟ್ಟ ಹಾಗೆ ಭಾರ. ಸಂಜೆ ತುಳಸಿ ಕುಂಡದ ಹತ್ತಿರ ದೀಪ ಇಡಲು ಬಗ್ಗಿದರೆ ಮೂಗಿನಿಂದ ತಣ್ಣಗೆ ನೀರು ತಟತಟ ಅಂತ ಕೆಂಪು ಸಿಮೆಂಟಿನ ಮೇಲೆ ಬೀಳುತ್ತಿತ್ತು. ನೆಗಡಿಯ ಸಿಂಬಳ ಅಲ್ಲ, ತಿಳಿನೀರು. ಬೆಳಿಗ್ಗೆ ಆರು ಗಂಟೆಗೆ ಒಳಗೆ ಹೋದ ಪೂಲ್ ನೀರು ಸಂಜೆ ಆರಕ್ಕೆ ಹೊರಗೆ ಬರುತ್ತಿತ್ತು! ಮೊದಲ ಸಲ ನಿಜವಾಗಲೂ ಹೆದರಿದೆ. ಕೆನ್ನೆಯ ಮೂಳೆಯ ಹಿಂದೆ, ಹಣೆಯ ಹಿಂದೆ ಟೊಳ್ಳು ಗೂಡುಗಳಿವೆ, ಅವೇ ಸೈನಸ್, ಅಲ್ಲಿ ನಿಂತ ನೀರು ತಲೆ ಬಗ್ಗಿಸಿದಾಗ ಇಳಿಯುತ್ತದೆ ಅಂತ ಆಮೇಲೆ ತಿಳಿಯಿತು.

ಮಧ್ಯದಲ್ಲಿ ಮಾಡಿದ ತಪ್ಪುಗಳನ್ನೂ ಹೇಳುತ್ತೇನೆ, ಬೇರೆ ಯಾರೂ ಮಾಡಬಾರದು. ಮೊದಲು ಬೆಂಗಳೂರಿನ ಧೂಳಿನ ಅಲರ್ಜಿ ಅಂದುಕೊಂಡು ಮೆಡಿಕಲ್ ಶಾಪ್‌ನಿಂದ ಮೂಗು ಬಿಡಿಸುವ ಡ್ರಾಪ್ಸ್ ತಂದೆ. ಹಾಕಿದ ಐದು ನಿಮಿಷಕ್ಕೆ ಮೂಗು ತೆರೆಯುತ್ತಿತ್ತು, ಸ್ವರ್ಗ ಅನ್ನಿಸುತ್ತಿತ್ತು. ದಿನಕ್ಕೆ ಮೂರು ಸಲ, ಎರಡು ವಾರ ಹಾಕಿದೆ. ಕೊನೆಗೆ ಡ್ರಾಪ್ಸ್ ಇಲ್ಲದೆ ರಾತ್ರಿ ನಿದ್ದೆಯೇ ಇಲ್ಲ ಅನ್ನುವ ಹಾಗಾಯಿತು. ಇಎನ್‌ಟಿ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಬೈದದ್ದೇ ಇದಕ್ಕೆ. ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಇರುವ ಡ್ರಾಪ್ಸ್ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಹಾಕಬಾರದು, ಹಾಕಿದರೆ ಆ ಔಷಧಿಯೇ ಮೂಗು ಕಟ್ಟಿಸುತ್ತದೆ. ಆಮೇಲೆ ಅವರು ಕೇಳಿದ ಪ್ರಶ್ನೆ: "ಪೂಲ್‌ಗೆ ಹೋಗದ ಭಾನುವಾರ ಹೇಗಿರುತ್ತೀರಿ?" ಭಾನುವಾರ ನಾನು ಆರಾಮಾಗಿ ಇರುತ್ತಿದ್ದೆ. ಅಲ್ಲಿಗೆ ಸಿಕ್ಕಿತು ಉತ್ತರ.

ಈಗ ಕ್ಲೋರಿನ್ ವಿಷಯಕ್ಕೆ ಬರುತ್ತೇನೆ. ಪೂಲ್‌ನಲ್ಲಿ ಕಣ್ಣು ಮೂಗು ಸುಡುವ ಆ ಘಾಟು ಇದೆಯಲ್ಲ, ಅದನ್ನು ನಾವೆಲ್ಲ ಕ್ಲೋರಿನ್ ವಾಸನೆ ಅನ್ನುತ್ತೇವೆ. ವಾಸನೆ ಜೋರಾಗಿದ್ದರೆ ನೀರು ಶುದ್ಧ ಅಂತಲೂ ಅಂದುಕೊಳ್ಳುತ್ತೇವೆ. ಎರಡೂ ಸರಿಯಲ್ಲ. ಸರಿಯಾಗಿ ನೋಡಿಕೊಂಡ ಪೂಲ್‌ನಲ್ಲಿ ವಾಸನೆ ತೀರಾ ಕಡಿಮೆ. ನಮ್ಮ ಬೆವರು, ಮೈಗೆ ಹಚ್ಚಿದ ಎಣ್ಣೆ, ಕ್ರೀಮ್, ಮತ್ತೆ ಮುಚ್ಚುಮರೆ ಯಾಕೆ, ಮೂತ್ರ, ಇವೆಲ್ಲ ಕ್ಲೋರಿನ್ ಜೊತೆ ಸೇರಿದಾಗ ಕ್ಲೋರಾಮೈನ್ ಅನ್ನುವ ವಸ್ತುಗಳು ಹುಟ್ಟುತ್ತವೆ. ಅದರಲ್ಲಿ ಟ್ರೈಕ್ಲೋರಾಮೈನ್ ಅಂತ ಒಂದಿದೆ, ಅದು ನೀರಲ್ಲಿ ನಿಲ್ಲುವುದಿಲ್ಲ, ಗಾಳಿಗೆ ಏರುತ್ತದೆ. ಏರಿ ನೀರಿನ ಮೇಲೇ ಪದರದ ಹಾಗೆ ನಿಲ್ಲುತ್ತದೆ, ಅಂದರೆ ಈಜುವವರು ತಲೆ ಎತ್ತಿ ಉಸಿರು ಎಳೆಯುವ ಆ ಅರ್ಧ ಅಡಿಯಲ್ಲೇ. ಮುಚ್ಚಿದ ಪೂಲ್‌ಗಳಲ್ಲಿ ಗಾಳಿ ಆಡದೇ ಇದ್ದರೆ ಇನ್ನೂ ಕೆಟ್ಟದು. ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಘಾಟು ಅದೇ.

ನಮ್ಮ ಪಾಲು ಇದರಲ್ಲಿ ಎಷ್ಟು ಅಂತ ಯೋಚಿಸಿದರೆ ಮುಜುಗರ ಆಗುತ್ತದೆ. 2017ರಲ್ಲಿ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಪೂಲ್ ನೀರಲ್ಲಿ ಅಸೆಸಲ್ಫೇಮ್ ಅನ್ನುವ ಕೃತಕ ಸಿಹಿಯನ್ನು ಅಳೆದರು. ಡಯಟ್ ಪಾನೀಯಗಳಲ್ಲಿ ಇರುವ ಈ ಸಿಹಿ ದೇಹದಲ್ಲಿ ಬದಲಾಗದೆ ಮೂತ್ರದಲ್ಲಿ ಹೊರಗೆ ಬರುತ್ತದೆ, ಹಾಗಾಗಿ ಲೆಕ್ಕ ಹಾಕಬಹುದು. 8,30,000 ಲೀಟರ್‌ನ ಒಂದು ಪೂಲ್‌ನಲ್ಲಿ ಅವರಿಗೆ ಸಿಕ್ಕ ಅಂದಾಜು ಸುಮಾರು 75 ಲೀಟರ್ ಮೂತ್ರ. ನಮ್ಮ ಮನೆಯ ನೀರಿನ ಕ್ಯಾನ್ 20 ಲೀಟರ್. ಅಂಥ ಸುಮಾರು ನಾಲ್ಕು ಕ್ಯಾನ್.

ಹಾಗಾದರೆ ಕ್ಲೋರಿನ್ ಇಳಿಸಿದರೆ ಏನಾಗುತ್ತದೆ? ಘಾಟು ಹೋಗುವುದಿಲ್ಲ. ಹುಟ್ಟಿಕೊಂಡ ಕ್ಲೋರಾಮೈನ್ ಒಡೆಯಬೇಕಾದರೆ ಸಾಕಷ್ಟು ಕ್ಲೋರಿನ್ ಬೇಕು. ಅದಕ್ಕೇ ಪೂಲ್ ನೋಡಿಕೊಳ್ಳುವವರು ಆಗಾಗ ರಾತ್ರಿ, ಯಾರೂ ಇಲ್ಲದಾಗ, ಜಾಸ್ತಿ ಡೋಸ್ ಹಾಕುತ್ತಾರೆ, ಶಾಕ್ ಕೊಡುವುದು ಅನ್ನುತ್ತಾರೆ. ಅರ್ಧಂಬರ್ಧ ಹಾಕಿದರೆ ಘಾಟು ಅಲ್ಲೇ ಕೂರುತ್ತದೆ, ಜೊತೆಗೆ ರೋಗಾಣುಗಳೂ ಸಾಯುವುದಿಲ್ಲ. 2024ರಿಂದ ಪಕ್ಕದ ಕೇರಳದಲ್ಲಿ ಮಿದುಳಿಗೆ ಹತ್ತುವ ಅಮೀಬಾ ಸೋಂಕಿನ ಸುದ್ದಿ ಓದುತ್ತಲೇ ಇದ್ದೇವೆ ಅಲ್ವಾ? ಅಂಥ ಅಮೀಬಾಗಳಲ್ಲಿ ಒಂದಾದ ನೇಗ್ಲೇರಿಯಾ ಬೆಚ್ಚಗಿನ ಸಿಹಿನೀರಲ್ಲಿ ಬೆಳೆಯುತ್ತದೆ, ಒಳಗೆ ಹೋಗುವ ದಾರಿ ಮೂಗು. ಪೂಲ್‌ನಲ್ಲಿ ಅದನ್ನು ತಡೆಯುವುದೇ ಕ್ಲೋರಿನ್. ಮೂಗು ಉರಿಯುತ್ತದೆ ಅಂತ ಮೂಗಿನ ಕಾವಲನ್ನೇ ತೆಗೆದುಹಾಕಿ ಅಂತ ಕೇಳಬೇಡಿ, ದಯವಿಟ್ಟು.

ಕೇಳಬೇಕಾದ್ದು ಬೇರೆ. ಹೋದ ತಿಂಗಳು ನಮ್ಮ ಪೂಲ್ ನೋಡಿಕೊಳ್ಳುವ ಅಣ್ಣನ ಪಕ್ಕ ಕೂತು ನೋಡಿದೆ. ಅವರ ಹತ್ತಿರ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಬೆರಳುದ್ದದ ಎರಡು ನಳಿಗೆ. ಎರಡರಲ್ಲೂ ಪೂಲ್ ನೀರು ತುಂಬಿ, ಒಂದಕ್ಕೆ ಐದು ಹನಿ ಹಾಕಿದರು, ನೀರು ಹಳದಿ ಆಯಿತು. ಇನ್ನೊಂದಕ್ಕೆ ಐದು ಹನಿ, ಕಿತ್ತಳೆಗೆಂಪು, ಅದು ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ. ಹಳದಿಯನ್ನು ಬೆಳಕಿಗೆ ಹಿಡಿದು ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ "ಎರಡು ಇದೆ ಮೇಡಂ, ಕರೆಕ್ಟಾಗಿದೆ" ಅಂದರು. ಅವರ ಕೆಲಸದಲ್ಲಿ ತಪ್ಪಿಲ್ಲ. ಆದರೆ ಆ ಹಳದಿ ತೋರಿಸುವುದು ಒಟ್ಟು ಕ್ಲೋರಿನ್ ಮಾತ್ರ. ಅದರಲ್ಲಿ ರೋಗಾಣು ಕೊಲ್ಲುವ ಫ್ರೀ ಕ್ಲೋರಿನ್ ಎಷ್ಟು, ಮೂಗು ಸುಡುವ ಕ್ಲೋರಾಮೈನ್ ಎಷ್ಟು ಅಂತ ಅದು ಹೇಳುವುದಿಲ್ಲ. ಅದಕ್ಕೆ ಡಿಪಿಡಿ ಅನ್ನುವ ಬೇರೆ ಕಿಟ್ ಇದೆ. ಒಂದನೇ ನಂಬರ್ ಮಾತ್ರೆ ಹಾಕಿದರೆ ನೀರು ಗುಲಾಬಿ ಆಗುತ್ತದೆ, ಅದು ಫ್ರೀ ಕ್ಲೋರಿನ್. ಅದೇ ನಳಿಗೆಗೆ ಮೂರನೇ ನಂಬರ್ ಮಾತ್ರೆ ಹಾಕಿದಾಗ ಗುಲಾಬಿ ಇನ್ನೂ ಗಾಢವಾದರೆ, ಜಾಸ್ತಿಯಾದಷ್ಟು ಕ್ಲೋರಾಮೈನ್. ಫ್ರೀ ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಇಷ್ಟು ಭಾಗ ಅಂತ), ಪಿಎಚ್ 7.2ರಿಂದ 7.8, ಕ್ಲೋರಾಮೈನ್ 0.4 ಪಿಪಿಎಂ ದಾಟಬಾರದು. ಕಮಿಟಿಗೆ ಕೇಳಬೇಕಾದ್ದು ಈ ಮೂರು ಅಂಕಿ.

ಇನ್ನೊಂದು ದಾರಿ ಹಳೆ ನೀರು ಸ್ವಲ್ಪ ತೆಗೆದು ಹೊಸ ನೀರು ಬಿಡುವುದು. ಬೆಂಗಳೂರಲ್ಲಿ ಅದನ್ನು ಕೇಳಲು ಬಾಯಿ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಾ? ಟ್ಯಾಂಕರ್‌ಗೆ ಕಾಯುವ ಊರಲ್ಲಿ ಪೂಲ್ ನೀರು ಬದಲಾಯಿಸಿ ಅನ್ನುವುದಕ್ಕಿಂತ ನಾವೇ ಕೊಳೆ ತರದೆ ಇಳಿಯುವುದು ನ್ಯಾಯ ಅಂತ ನನಗೆ ಅನ್ನಿಸುತ್ತದೆ. ಒಂದು ನಿಮಿಷ ಶವರ್ ಕೆಳಗೆ ನಿಂತು ಮೈ ಉಜ್ಜಿದರೆ ಬೆವರು, ಕೊಳೆ ಬಹುಪಾಲು ಹೋಗುತ್ತದೆ. ಕಾಲು ನೆನೆಸಿ ಇಳಿಯುವುದು ಸ್ನಾನ ಅಲ್ಲ. ತಲೆಗೆ ಎಣ್ಣೆ ಹಚ್ಚಿದ್ದರೆ ಶಾಂಪೂ ಹಾಕಿ, ಕ್ಯಾಪ್ ಹಾಕಿ. ಸಣ್ಣ ಮಕ್ಕಳನ್ನು ಅರ್ಧ ಗಂಟೆಗೊಮ್ಮೆ ಮೇಲೆ ಕರೆದು ಟಾಯ್ಲೆಟ್‌ಗೆ ಕಳಿಸಿ.

ಮೂಗಿನ ಆರೈಕೆಯನ್ನೂ ಹೇಳಿಬಿಡುತ್ತೇನೆ. ಪೂಲ್ ಎಷ್ಟೇ ಚೆನ್ನಾಗಿದ್ದರೂ ಮೂಗಿಗೆ ನೀರು ನುಗ್ಗಿದರೆ ಸ್ವಲ್ಪ ಉರಿದೇ ಉರಿಯುತ್ತದೆ, ಯಾಕೆಂದರೆ ನಮ್ಮ ಮೈಯೊಳಗಿನ ನೀರಲ್ಲಿ ಉಪ್ಪು ನೂರಕ್ಕೆ 0.9 ಭಾಗ, ಪೂಲ್ ನೀರಲ್ಲಿ ಅಷ್ಟಿಲ್ಲ. ಮಲ್ಪೆಯ ಸಮುದ್ರದಲ್ಲಿ ಅದಕ್ಕಿಂತ ತುಂಬಾ ಜಾಸ್ತಿ, ಅದೂ ಉರಿಸುತ್ತದೆ. ಹಾಗಾಗಿ ನೀರು ಒಳಗೆ ಬಿಡದಿರುವುದೇ ಮೊದಲ ಕೆಲಸ. ನನ್ನ ಕೋಚ್ ಹೇಳಿಕೊಟ್ಟದ್ದು, ಮುಖ ನೀರಲ್ಲಿ ಇರುವಷ್ಟು ಹೊತ್ತೂ ಬಾಯಿ ಮುಚ್ಚಿ "ಹ್ಞೂಂ" ಅಂತ ಗುನುಗುವುದು. ಗುನುಗಿದರೆ ಮೂಗಿನಿಂದ ಗುಳ್ಳೆ ಹೋಗುತ್ತಲೇ ಇರುತ್ತದೆ, ನೀರಿಗೆ ಜಾಗ ಸಿಗುವುದಿಲ್ಲ. ಅಂಗಾತ ಈಜುವಾಗ ಇದು ಸಾಲದು, ನಾನು ನೋಸ್ ಕ್ಲಿಪ್ ಹಾಕುತ್ತೇನೆ. ಅದರಲ್ಲಿ ನಾಚಿಕೆ ಏನಿಲ್ಲ, ಒಲಿಂಪಿಕ್ಸ್‌ನ ಆರ್ಟಿಸ್ಟಿಕ್ ಸ್ವಿಮ್ಮಿಂಗ್‌ನವರೂ ಹಾಕುತ್ತಾರೆ.

ಈಜಿ ಬಂದ ಮೇಲೆ ಉಪ್ಪುನೀರಲ್ಲಿ ಮೂಗು ತೊಳೆಯುವುದು, ನಮ್ಮ ಜಲನೇತಿ. ನನಗೆ ಅರ್ಧ ಗುಣ ಇದರಿಂದಲೇ ಆಯಿತು. ಕಾಲು ಲೀಟರ್ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಸೈನಸ್ ರಿನ್ಸ್ ಪ್ಯಾಕೆಟ್ ಸಿಕ್ಕಿದರೆ ಇನ್ನೂ ಒಳ್ಳೆಯದು. ನೀರು ಮಾತ್ರ ಒಂದು ನಿಮಿಷವಾದರೂ ಕೊತಕೊತ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ. ಫಿಲ್ಟರ್ ನೀರನ್ನೂ ಕುದಿಸಿ. ಆ ಅಮೀಬಾದ ಭಯ ಇಲ್ಲೂ ಇದೆ, ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಲ್ಲಿ ನೇತಿ ಮಾಡಿದ ಇಬ್ಬರು ಸತ್ತರು. ಉಳಿದರ್ಧ ಗುಣ ಡಾಕ್ಟರ್ ಕೊಟ್ಟ ಸ್ಟೀರಾಯ್ಡ್ ಸ್ಪ್ರೇಯಿಂದ. ಅದು ಡ್ರಾಪ್ಸ್ ಹಾಗೆ ಐದು ನಿಮಿಷಕ್ಕೆ ಕೆಲಸ ಮಾಡುವುದಿಲ್ಲ, ಕೆಲವು ದಿನ ಬೇಕು. ಬಲಗೈಯಲ್ಲಿ ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ, ನಡುಗೋಡೆಗೆ ತಾಗದ ಹಾಗೆ ಹೊರಗೆ ಕಿವಿಯ ಕಡೆಗೆ. ಇದನ್ನು ನೀವೇ ತಂದು ಶುರು ಮಾಡಬೇಡಿ, ಮೂಗು ತೋರಿಸಿ ತಗೊಳ್ಳಿ. ಜ್ವರ, ಒಂದೇ ಕಡೆ ಕೆನ್ನೆ ನೋವು, ದುರ್ವಾಸನೆಯ ಹಸಿರು ಸಿಂಬಳ, ಮಗುವಿಗೆ ಗೊರಗೊರ ಉಸಿರು, ಇದರಲ್ಲಿ ಯಾವುದಾದರೂ ಇದ್ದರೆ ಕಾಯಬೇಡಿ.

ಡಿಪಿಡಿ ಕಿಟ್ ತರಿಸಿದ್ದೇನೆ, ನಿನ್ನೆ ಬಂತು. ಶನಿವಾರ ಬೆಳಿಗ್ಗೆ ಆರೂವರೆಗೆ ಪೂಲ್ ಹತ್ತಿರ ಇರುತ್ತೇನೆ, ಪೂಲ್ ಅಣ್ಣನೂ ಬರುತ್ತೇನೆ ಅಂದಿದ್ದಾರೆ. ಸಾಯಂಕಾಲ ಮಕ್ಕಳ ಬ್ಯಾಚ್ ಮುಗಿದ ಮೇಲೆ ಇನ್ನೊಂದು ಸಲ ಅಳೆಯೋಣ. ಎರಡೂ ಫೋಟೋ ಗುಂಪಿನಲ್ಲಿ ಹಾಕುತ್ತೇನೆ, ಬೆಳಗಿನ ಗುಲಾಬಿ, ಸಂಜೆಯ ಗುಲಾಬಿ. ನೋಡಿ ಆಮೇಲೆ ಕೈ ಎತ್ತಿ.