ಹತ್ತಿದ್ದು 52, ಇಳಿದದ್ದು 53

ಸಣ್ಣ ಮ್ಯೂಸಿಯಂಗೆ ಹೋಗುವವರು ಒಳಗೆ ಇನ್ನೊಂದು ಸಂಸಾರ ಇದೆಯಾ ಅಂತ ಇಣುಕಿ ನೋಡಿ ಆಮೇಲೆ ಕಾಲಿಡಿ. ದೊಡ್ಡ ಮ್ಯೂಸಿಯಂ ಎಷ್ಟೋ ವಾಸಿ. ಅಲ್ಲಿ ನಿಮ್ಮನ್ನು ಕೇಳುವವರಿಲ್ಲ, ಸುಮ್ನೆ ಒಂದು ರೌಂಡ್ ಹೊಡೆದು ಹೊರಗೆ ಬರಬಹುದು. ಸಣ್ಣದರಲ್ಲಿ ಬೆಳಗ್ಗಿನಿಂದ ಒಂದು ನರಪಿಳ್ಳೆಯೂ ಬಂದಿರುವುದಿಲ್ಲ. ಬಾಗಿಲಲ್ಲಿ ಸ್ವಯಂಸೇವಕಿ ಅಜ್ಜಿ ಕಾಯುತ್ತಿರುತ್ತಾರೆ. ಸಿಕ್ಕಿದಿರೋ, ಮುಗೀತು.

ನಿನ್ನೆ ಸಿಕ್ಕಿದ್ದು ನಾವು. ವಿಸ್ಕಾನ್ಸಿನ್‌ನ ಒಂದು ಪುಟ್ಟ ಊರು, ನಾರ್ವೆಯಿಂದ ವಲಸೆ ಬಂದವರ ಮನೆಸಾಮಾನು, ಕಸೂತಿ, ಮರಗೆಲಸ ಇಟ್ಟಿರುವ ಎರಡು ಕೋಣೆ. ಇಂಡಿಯಾದಿಂದ ಬಂದ ಅತ್ತೆ ಮಾವನಿಗೆ ವೀಕೆಂಡಿನಲ್ಲಿ ಏನಾದರೂ ತೋರಿಸಬೇಕಲ್ಲ. "ಅರ್ಧ ಗಂಟೆ ಸಾಕು, ಆಮೇಲೆ ಊಟ" ಎಂದ ನಮ್ಮೆಜಮಾನರು ಕಾರು ಪಾರ್ಕ್ ಮಾಡಿ ಬರುತ್ತೇನೆಂದು ಹೋದವರು ಊಟದ ಹೊತ್ತು ದಾಟಿದರೂ ಪತ್ತೆಯಿಲ್ಲ. ಇಡೀ ಬೀದಿ ಖಾಲಿ ಇತ್ತು ಅನ್ನುವುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ನಮ್ಮ ಮಾವ ಸರ್ಕಾರಿ ಬಸ್ಸಿನಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವರು. ರಿಟೈರ್ ಆದರೂ ತಲೆ ಎಣಿಸುವ ಚಟ ಹೋಗಿಲ್ಲ. ಮದುವೆ ಮನೆಯಲ್ಲಿ ಪಂಕ್ತಿ ಎಣಿಸುತ್ತಾರೆ, ಸಿನಿಮಾಗೆ ಹೋದರೆ ಖಾಲಿ ಸೀಟು ಎಣಿಸುತ್ತಾರೆ. ಅಂಥವರ ಮುಂದೆ ಅಜ್ಜಿ ಮೊದಲು ಎತ್ತಿದ್ದೇ ರೆಸ್ಟೊರೇಷನ್ ಹಡಗಿನ ಕಥೆ. 1825ರ ಜುಲೈನಲ್ಲಿ ನಾರ್ವೆಯ ಸ್ಟಾವಂಗರ್‌ನಿಂದ ಹೊರಟ ಪುಟ್ಟ ಹಾಯಿಹಡಗು. ಗುಂಪಾಗಿ ಅಮೆರಿಕಕ್ಕೆ ವಲಸೆ ಬಂದ ಮೊದಲ ನಾರ್ವೆಯವರು ಅದರಲ್ಲಿದ್ದರು. ನ್ಯೂಯಾರ್ಕ್ ಮುಟ್ಟಿದ್ದು ಅಕ್ಟೋಬರಿನಲ್ಲಿ. "ಹೊರಟಾಗ 52 ಜನ, ಬಂದಾಗ 53" ಎಂದು ಅಜ್ಜಿ ಕಣ್ಣು ಮಿಟುಕಿಸಿದರು.

ನಾನು ಕನ್ನಡದಲ್ಲಿ ಹೇಳಿದ ಕೂಡಲೇ ಮಾವನ ಹುಬ್ಬು ಮೇಲೇರಿತು. "ಮಧ್ಯೆ ಎಲ್ಲಾದ್ರೂ ನಿಲ್ಲಿಸಿದ್ರಾ ಕೇಳು."

ಮಡೈರಾ ದ್ವೀಪದಲ್ಲಿ ನಿಲ್ಲಿಸಿದ್ದರಂತೆ.

"ಅಷ್ಟೇ ಮತ್ತೆ. ಅಲ್ಲೇ ಹತ್ತಿಸಿಕೊಂಡಿದಾರೆ."

"ದಾರೀಲಿ ಒಂದು ಮಗು ಹುಟ್ಟಿತಂತೆ ಮಾವ."

"ಓಹೋ. ಹಂಗಾದ್ರೆ ಟಿಕೆಟ್ ಬೇಡ ಬಿಡು."

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಡಗಿನ ಗಾತ್ರದ ಐದು ಟನ್ನಿಗೆ ಇಬ್ಬರೇ ಪ್ರಯಾಣಿಕರು ಅನ್ನುವ ಕಾನೂನು ಆಗ ಅಮೆರಿಕದಲ್ಲಿತ್ತು, ಈ ಹಡಗಿನಲ್ಲಿ ಜನ ಜಾಸ್ತಿಯಾಗಿ ಕ್ಯಾಪ್ಟನ್‌ನನ್ನು ಹಿಡಿದರು, ಮೂರು ಸಾವಿರ ಡಾಲರಿಗೂ ಮೀರಿ ದಂಡ ಹಾಕಿದರು ಎಂದು ಅಜ್ಜಿ ಮುಂದುವರಿಸಿದರು. ಮಾವನ ಮುಖ ನೋಡಬೇಕಿತ್ತು. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಈ ದೇಶದ ಮೇಲೆ ಗೌರವ ಹುಟ್ಟಿತು. ಅದು ಒಂದು ನಿಮಿಷವೂ ಉಳಿಯಲಿಲ್ಲ. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಆ ದಂಡ ಮನ್ನಾ ಮಾಡಿಬಿಟ್ಟರು.

"ನೋಡಮ್ಮ, ಅಲ್ಲೂ ಅದೇ. ನಾನು ಓವರ್‌ಲೋಡ್ ಹಿಡಿದಾಗೆಲ್ಲ ಮೇಲಿಂದ ಫೋನ್ ಬರ್ತಿತ್ತು. ಯಾರ ಶಿಫಾರಸು ಅಂತ ಕೇಳು ಅವರನ್ನ."

ಕೇಳಿದೆ. ಏನು ಮಾಡಲಿ? ಇಷ್ಟು ಆಸಕ್ತಿಯಿಂದ ಯಾರೂ ಕೇಳಿರಲಿಲ್ಲವೆಂದು ಅಜ್ಜಿ ಒಳಗಿನಿಂದ ಒಂದು ದಪ್ಪ ಫೈಲ್ ತಂದರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಎದುರಿಗೇ ಆಲೂಗಡ್ಡೆಯ ಲೆಫ್ಸೆ ಅನ್ನುವ ತೆಳು ರೊಟ್ಟಿ ಬೇಯಿಸುವ ದೊಡ್ಡ ಕಾವಲಿ, ಗೀರು ಗೀರಿನ ಲಟ್ಟಣಿಗೆ, ಮಗುಚುವ ಉದ್ದ ಕೋಲು. ಎಲ್ಲ ಇತ್ತು, ಲೆಫ್ಸೆ ಮಾತ್ರ ಇರಲಿಲ್ಲ.

ಅತ್ತೆ ನಿಂತಿದ್ದು ಬಟ್ಟೆಯ ಸುಕ್ಕು ತೆಗೆಯುವ ಹಲಗೆಯ ಮುಂದೆ. ಬಟ್ಟೆಯನ್ನು ಕೋಲಿಗೆ ಸುತ್ತಿ, ಮೇಲೆ ಈ ಹಲಗೆಯಿಟ್ಟು ಒತ್ತಿ ಉರುಳಿಸುತ್ತಿದ್ದರಂತೆ. ಹಿಡಿಯಾಗಿ ಒಂದು ಮರದ ಕುದುರೆ, ಮೈತುಂಬ ಕೆತ್ತನೆ. ಹುಡುಗ ಇದನ್ನು ತಾನೇ ಕೆತ್ತಿ, ಮೆಚ್ಚಿದ ಹುಡುಗಿಗೆ ಕೊಡುವ ಪದ್ಧತಿ ಇತ್ತು. ಅವಳು ತೆಗೆದುಕೊಂಡರೆ ಒಪ್ಪಿಗೆ.

"ಮದುವೆಗೆ ಮುಂಚೇನೇ ಇಸ್ತ್ರಿ ಸಾಮಾನು ಕೊಟ್ಟನಾ? ಪರವಾಗಿಲ್ಲ, ಮುಚ್ಚಿಡೋ ಪೈಕಿ ಅಲ್ಲ" ಎಂದು ಅತ್ತೆ ಮಾವನ ಕಡೆ ನೋಡಿದರು. ಮಾವ ಫೈಲ್ ನೋಡುತ್ತಿದ್ದರು.

ಕೊನೆಗೆ ಹೂಬಳ್ಳಿ ಬರೆದ ಒಂದು ಪೆಟ್ಟಿಗೆ. ಮುಂಭಾಗದಲ್ಲಿ ಹೆಸರು, ಇಸವಿ, ಕಬ್ಬಿಣದ ಪಟ್ಟಿ. ನೂರು ವರ್ಷದಲ್ಲಿ ನಾರ್ವೆಯಿಂದ ಸುಮಾರು ಎಂಟು ಲಕ್ಷ ಜನ ಹೀಗೆ ಪೆಟ್ಟಿಗೆ ಕಟ್ಟಿ ಹೊರಟರಂತೆ. "ಇವರ ಅಮ್ಮಂದಿರು ಮತ್ತೆ ಇವರನ್ನ ನೋಡಿದ್ರಾ?" ಎಂದು ಅತ್ತೆ ಕೇಳಿದರು. ಬಹಳ ಜನ ನೋಡಲಿಲ್ಲ ಎಂದರು ಅಜ್ಜಿ. ಅತ್ತೆ ಮಾತಾಡಲಿಲ್ಲ. ಅವರ ವಾಪಸ್ ಟಿಕೆಟ್ ಬರುವ ತಿಂಗಳಿನದು. ನಾನೂ ಪೆಟ್ಟಿಗೆಯ ಬೀಗವನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದೆ.

ಆಮೇಲೆ ಅತ್ತೆ ಬಗ್ಗಿ, ಬಳ್ಳಿಯ ಒಂದು ಸುರುಳಿ ದಪ್ಪಗಾಗಿದೆ, ಕೈ ನಿಂತಿಲ್ಲ ಎಂದರು. ಹಬ್ಬದ ರಂಗೋಲಿಗೂ ಹೀಗೇ ತಪ್ಪು ಹುಡುಕುವವರು ಅವರು. ರೋಸ್‌ಮಾಲಿಂಗ್ ಅನ್ನುವ ಈ ಹೂಬಳ್ಳಿ ಚಿತ್ರ ಪೂರ್ತಿ ಇಂಗ್ಲಿಷಿನ ಸಿ ಮತ್ತು ಎಸ್ ಆಕಾರದ ಗೆರೆಗಳಿಂದಲೇ ಬೆಳೆಯುತ್ತದೆ ಎಂದು ಅಜ್ಜಿ ಹೇಳಿದ್ದೇ ತಡ, ಅತ್ತೆ ಪೆನ್ನು ಇಸಕೊಂಡು ಮ್ಯೂಸಿಯಂ ಟಿಕೆಟ್ ಹಿಂದೆ ಬರೆದು ತೋರಿಸಿದರು. ಅಜ್ಜಿ ಕನ್ನಡಕ ಏರಿಸಿ ನೋಡಿ, ಇಲ್ಲೇ ಶನಿವಾರ ಕ್ಲಾಸ್ ಇದೆ, ಹೆಸರು ಬರೆದುಕೊಳ್ಳಲಾ ಎಂದರು. ಅದಕ್ಕೆ ಮಾತ್ರ ನನ್ನ ಅನುವಾದ ಬೇಕಾಗಲಿಲ್ಲ.

ಹೀಗಾಗಿ ಮುಂದಿನ ಶನಿವಾರ ಡ್ರೈವರ್ ನಾನೇ. ಮಾವನೂ ಹೊರಟಿದ್ದಾರೆ. ದಂಡದ ವಿಷಯ ಇನ್ನೂ ಇತ್ಯರ್ಥ ಆಗಿಲ್ಲವಂತೆ.