ಜಾವಾ ಸ್ಟಾರ್ಟ್ ಆಯ್ತು, ಸಂತೋಷ. ನಿಲ್ಲುತ್ತಾ?

ಹಳೆಯ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರ ವಿಡಿಯೊಗಳು ಬರುತ್ತಲೇ ಇರುತ್ತವೆ. ಕೊಟ್ಟಿಗೆ ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿ. ಹೊಸ ಪ್ಲಗ್ ಹಾಕಿ, ಕಾರ್ಬೊರೇಟರ್ ತೊಳೆದು, ನಾಲ್ಕು ಕಿಕ್ ಹೊಡೆದರೆ ಎರಡೂ ಸೈಲೆನ್ಸರಿನಿಂದ ಬುಸ್ಸೆಂದು ಹೊಗೆ. ಕೇಕೆ, ಚಪ್ಪಾಳೆ. ಆ ಸದ್ದು ಕೇಳಿದರೆ ನನಗೂ ಮೈ ಜುಂ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಮರುಕ್ಷಣವೇ ಅದನ್ನೇ ಹತ್ತಿ ರಸ್ತೆಗೆ ಇಳಿದುಬಿಡುತ್ತಾರಲ್ಲ, ಅದನ್ನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ಬ್ರೇಕ್ ಡ್ರಮ್ ಬಿಚ್ಚಿ ನೋಡಿದ ವಿಡಿಯೊ ಮಾತ್ರ ಇದುವರೆಗೆ ಯಾರೂ ಕಳಿಸಿಲ್ಲ.

ಮನೆಯಲ್ಲೇ ಹಳೆ ಗಾಡಿ ಕಟ್ಟುವವರು ಮೊದಲು ಬ್ರೇಕ್ ಮುಗಿಸಬೇಕು, ಆಮೇಲೆ ಎಂಜಿನ್ ಮುಟ್ಟಬೇಕು. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಗಾಡಿ ತಯಾರಿ ಶುರುವಾಯಿತು. 1996ರಲ್ಲಿ ಬಾಗಿಲು ಬಿತ್ತು. ಅಂದರೆ ಅಲ್ಲಿಂದ ಬಂದ ಗಾಡಿಗಳಲ್ಲಿ ತೀರಾ ಕಿರಿಯದಕ್ಕೂ ಈಗ ಸುಮಾರು ಮೂವತ್ತು ವರ್ಷ. ಇವುಗಳ 250 ಸಿಸಿ ಎಂಜಿನ್ ಟೂ ಸ್ಟ್ರೋಕ್. ನನ್ನ ಹಟಕ್ಕೆ ಕಾರಣ ಇರುವುದೇ ಇಲ್ಲಿ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿದು ಎಳೆಯುತ್ತದೆ. ಟೂ ಸ್ಟ್ರೋಕಿನಲ್ಲಿ ಆ ಹಿಡಿತ ಬಹಳ ಕಡಿಮೆ. ಇನ್ನೊಂದು ವಿಷಯ, ಪಿಸ್ಟನ್ನಿಗೆ ಬೇಕಾದ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಬಹಳ ದೂರ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಸಾಲುವುದಿಲ್ಲ. ಚಾಮುಂಡಿ ಬೆಟ್ಟವೋ ಆಗುಂಬೆಯೋ ಇಳಿಯುವಾಗ ಎಂಜಿನ್ ಕಾಪಾಡುತ್ತದೆ ಅಂತ ಕೂತರೆ ಅದೂ ಹಿಡಿಯಲ್ಲ, ಪಿಸ್ಟನ್ನೂ ಸೀಜ್ ಆಗಬಹುದು, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಂಡು ನಿಂತುಬಿಡಬಹುದು. ಇಡೀ ಭಾರ ಆ ಎರಡು ಡ್ರಮ್ ಬ್ರೇಕಿನ ಮೇಲೆ. ಚಕ್ರದ ನಡುವಿನ ಡ್ರಮ್ಮಿನ ಒಳಗೆ ಲೈನರ್ ಅಂಟಿಸಿದ ಎರಡು ಶೂ ಇರುತ್ತವೆ, ಕ್ಯಾಮ್ ತಿರುಗಿದರೆ ಅವು ಅಗಲಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ.

ಆ ಬ್ರೇಕನ್ನು ಜನ ನೋಡುವ ರೀತಿ ಹೇಗೆ? ಬ್ರೇಕ್ ಹಿಡಿಯಲ್ಲ ಅಂದರೆ ನಟ್ಟು ಎರಡು ಸುತ್ತು ಬಿಗಿ ಮಾಡು. ಅಷ್ಟೇ. ಅದೂ ಮುಗಿದರೆ ಕ್ಯಾಮಿನ ಲಿವರ್ ಕಿತ್ತು ಒಂದು ಹಲ್ಲು ಹಿಂದಕ್ಕೆ ಕೂರಿಸು. ಒಳಗೆ ಲೈನರ್ ಸವೆದು ಹಾಳೆಯಂತಾಗಿದ್ದರೆ ಈ ಕಸರತ್ತಿನಿಂದ ಕ್ಯಾಮ್ ಪೂರ್ತಿ ಅಡ್ಡ ತಿರುಗಿ ಚಕ್ರ ಹಿಡಿದುಕೊಂಡೇ ಬಿಡಬಹುದು. ಬ್ರೇಕ್ ಒತ್ತಿದಾಗ ಲಿವರ್‌ಗೂ ಕೇಬಲ್‌ಗೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಇರಬೇಕು. ಅದನ್ನು ದಾಟಿದರೆ ನೀವೆಷ್ಟು ಒತ್ತಿದರೂ ಬಲ ಪೋಲು.

ಚಕ್ರ ಬಿಚ್ಚುವುದು ಕಷ್ಟದ ಕೆಲಸವಲ್ಲ. ಒಂದೇ ಎಚ್ಚರ, ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪೈಪನ್ನೂ ಹಿಡಿಯಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆದುಬಿಡಿ. ಲೈನರ್ ಬರೀ ಹೊಳಪು ಬಂದಿದ್ದರೆ ಉಪ್ಪುಕಾಗದಕ್ಕೆ ನೀರು ಮುಟ್ಟಿಸಿಕೊಂಡು ಉಜ್ಜಿದರೆ ಸರಿಹೋಗುತ್ತದೆ. ಗ್ರೀಸ್ ಕುಡಿದಿದ್ದರೆ ಉಜ್ಜಿ ಫಲವಿಲ್ಲ, ಹೊಸದೇ ಆಗಬೇಕು. ಹಾಗಾಗಿ ಕ್ಯಾಮಿಗೆ ಗ್ರೀಸ್ ಹಚ್ಚುವಾಗ ಉಗುರಂಚಿನಷ್ಟು ಸಾಕು.

ಹೊಸ ಲೈನರ್ ಹಾಕಿದ ಮೇಲೂ ಬ್ರೇಕ್ ಹಿಡಿಯಲ್ಲ ಅನ್ನುವವರು ಬಹಳ. ಹಳೆಯ ಡ್ರಮ್ಮಿನ ಬಾಗಿಗೆ ಹೊಸ ಲೈನರ್ ಪೂರ್ತಿ ಕೂತಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತಿರುತ್ತದೆ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಹಚ್ಚಿ, ಜೋಡಿಸಿ, ಬ್ರೇಕ್ ಮೆಲ್ಲಗೆ ಹಿಡಿದು ಚಕ್ರ ತಿರುಗಿಸಿ. ಬಿಚ್ಚಿ ನೋಡಿದರೆ ಉಬ್ಬಿರುವ ಕಡೆ ಸುಣ್ಣ ಅಂಟಿರುತ್ತದೆ. ಅಲ್ಲಿ ಮಾತ್ರ ತೆಳ್ಳಗೆ ಅರ ಹಾಕಿ. ಮತ್ತೆ ಸುಣ್ಣ, ಮತ್ತೆ ಅರ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಕೊನೆಗೆ ಆಕ್ಸಲ್ ನಟ್ಟನ್ನು ಸಡಿಲ ಬಿಟ್ಟು, ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಹಾಗೇ ಬಿಗಿ ಮಾಡಿ. ಶೂ ಎರಡೂ ಡ್ರಮ್ಮಿನ ನಡುವಿಗೆ ಬಂದು ಕೂರುತ್ತವೆ. ಡ್ರಮ್ಮೇ ಸೊಟ್ಟಗಾಗಿದ್ದರೆ ಲೇತ್‌ನವರ ಹತ್ತಿರ ಹೋಗಲೇಬೇಕು. ಹೊಸ ಸ್ಪೋಕ್ ಹಾಕಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಡ್ರಮ್ ಲೇತ್‌ಗೆ ಕೊಡಿ. ಸ್ಪೋಕಿನ ಎಳೆತಕ್ಕೂ ಡ್ರಮ್ ಚೂರು ಸೊಟ್ಟಗಾಗುತ್ತದೆ.

ಇನ್ನು ಎಂಜಿನ್. ಅದರ ಬಗ್ಗೆ ಹೇಳುವವರು ಊರ ತುಂಬ ಇದ್ದಾರೆ, ನಾನು ಒಂದೇ ವಿಷಯ ಹೇಳುತ್ತೇನೆ: ಕ್ರ್ಯಾಂಕ್ ಸೀಲ್, ಅಂದರೆ ಪಿಸ್ಟನ್ ತಿರುಗಿಸುವ ದಂಡದ ಎರಡೂ ಕಡೆ ಗಾಳಿ, ಆಯಿಲ್ ನುಸುಳದಂತೆ ತಡೆಯುವ ರಬ್ಬರ್ ಬಳೆ. ಗಾಡಿ ವರ್ಷಗಟ್ಟಲೆ ನಿಂತಾಗ ಈ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಎಂಜಿನ್ ಅಲ್ಲಿಂದ ಬರೀ ಗಾಳಿ ಎಳೆದುಕೊಳ್ಳುತ್ತದೆ, ಪೆಟ್ರೋಲು ಆಯಿಲು ಎರಡೂ ಕಡಿಮೆಯಾಗಿ ಕಾದುಹೋಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನೇ ಕುಡಿಯುತ್ತದೆ, ಊರಿಗೆಲ್ಲ ಹೊಗೆ. ಇದನ್ನು ನೋಡಿ "ಟೂಟಿ ಆಯಿಲ್ ಜಾಸ್ತಿ ಆಯ್ತು" ಅಂತ, ಪೆಟ್ರೋಲಿಗೆ ಬೆರೆಸುವ ಆ ಆಯಿಲನ್ನು ಲೀಟರಿಗೆ 40 ಎಂ.ಎಲ್. ಹಾಕುತ್ತಿದ್ದವರು 20ಕ್ಕೆ ಇಳಿಸುತ್ತಾರೆ. ಆಮೇಲೆ ಪಿಸ್ಟನ್ ಸೀಜ್. ಬೋರ್ ಮಾಡಿಸು, ದೊಡ್ಡ ಪಿಸ್ಟನ್ ಹುಡುಕು, ಸಾವಿರಗಟ್ಟಲೆ ಖರ್ಚು. ಹೊಗೆ ಜಾಸ್ತಿ ಅನ್ನಿಸಿದರೆ ಮೊದಲು ಗೇರ್ ಬಾಕ್ಸಿನ ಆಯಿಲ್ ಇಳಿದಿದೆಯಾ ನೋಡಿ.

ಕ್ರೋಮ್ ಬಗ್ಗೆಯೂ ಒಂದು ಮಾತು. ಟ್ಯಾಂಕಿನ ಪಕ್ಕ ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸಲು ಕೈಬಿಚ್ಚಿ ದುಡ್ಡು ಕೊಡುತ್ತಾರೆ. ಮುಂದಿನ ಬ್ರೇಕ್ ಕೇಬಲ್ ಮಾತ್ರ ಎಳೆ ಬಿಟ್ಟಿರುತ್ತದೆ. ಜುಲೈ ತಿಂಗಳಲ್ಲಿ ಜಾವಾ ದಿನಕ್ಕೆ ಸಾಲಾಗಿ ನಿಲ್ಲಿಸುವಾಗ ಚೆಂದ ಕಾಣಲಿ, ಬೇಡ ಅನ್ನಲ್ಲ. ಆದರೆ ಅಲ್ಲಿಗೆ ಓಡಿಸಿಕೊಂಡೇ ಹೋಗಬೇಕು ಅಲ್ವಾ?

ಬ್ರೇಕ್ ಕೆಲಸ ಮುಗಿಸಿದವರು ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ಒಮ್ಮೆ ಗಾಡಿ ತಳ್ಳಿ ನೋಡಿ. ಸಮತಟ್ಟು ಜಾಗ, ಇನ್ನೊಬ್ಬರು ಹಿಂದಿನಿಂದ ತಳ್ಳಲಿ. ಬರೀ ಮುಂದಿನ ಬ್ರೇಕ್, ಆಮೇಲೆ ಬರೀ ಹಿಂದಿನದು. ಬಿಟ್ಟ ತಕ್ಷಣ ಚಕ್ರ ಸಲೀಸಾಗಿ ತಿರುಗುತ್ತಾ ಅನ್ನುವುದನ್ನೂ ನೋಡಿ. ಹಳೆಯ ಶೂಗಳಿಗೆ ಒಳ್ಳೆಯ ಲೈನರ್ ಹಾಕಿಕೊಡುವವರು ನಿಮ್ಮ ಊರಲ್ಲಿ ಇನ್ನೂ ಇದ್ದರೆ ಇಲ್ಲೇ ಕೆಳಗೆ ಬರೆಯಿರಿ. ಅಂಥವರನ್ನು ಹುಡುಕುವುದೇ ಈಗ ಜಾಸ್ತಿ ಕಷ್ಟವಾಗಿದೆ.