ಬಸ್ ಚಾರ್ಜಿನ ಮಾತು ಮೊದಲೇ ಆಗಲಿ

ಅಮೆರಿಕದಲ್ಲಿ ನಾನಿರುವ ಊರಿಗೆ ದೂರದ ವಿಶ್ವವಿದ್ಯಾಲಯವೊಂದು ಈಚೆಗೆ ನನ್ನನ್ನು ಉಪನ್ಯಾಸಕ್ಕೆ ಕರೆಯಿತು. ಪತ್ರದ ಎರಡನೆಯ ಪ್ಯಾರಾದಲ್ಲೇ ಹಣದ ವಿಚಾರವಿತ್ತು. ವಿಮಾನದ ಟಿಕೆಟ್ ಅವರೇ ಕೊಳ್ಳುತ್ತಾರೆ. ಟ್ಯಾಕ್ಸಿಗೆ ರಸೀದಿ ಕೊಟ್ಟರೆ ರೀಇಂಬರ್ಸ್‌ಮೆಂಟ್, ಅಂದರೆ ಖರ್ಚಾದ ಹಣ ವಾಪಸು. ಊಟ ತಿಂಡಿಗೆ ಪರ್ ಡೀಮ್ ಎಂಬ ದಿನಭತ್ಯೆ, ಹೊರಡುವ ದಿನ ಮತ್ತು ಮರಳುವ ದಿನ ಅದರ ಮುಕ್ಕಾಲು ಪಾಲು. ಉಪನ್ಯಾಸಕ್ಕೆ ಬೇರೆ ಆನರೇರಿಯಂ, ಎಂದರೆ ಗೌರವ ಸಂಭಾವನೆ. ನಾನು ಬಾಯಿಬಿಟ್ಟು ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಓದಿ ಸಂತೋಷವಾಯಿತು, ಹಿಂದೆಯೇ ಸಂಕಟವೂ ಆಯಿತು.

ನನ್ನ ಸೋದರಮಾವ ಶಿವಮೊಗ್ಗ ಸೀಮೆಯ ಗಮಕಿ. "ನೀವು ಬರಲೇಬೇಕು" ಎಂದು ಯಾರಾದರೂ ಫೋನು ಮಾಡಿದರೆ ಸಾಕು, ರಾತ್ರಿ ಬಸ್ ಹತ್ತುತ್ತಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ, ಫೋಟೊ. ಲಕೋಟೆಯನ್ನು ಅಲ್ಲಿ ಬಿಚ್ಚುವಂತಿಲ್ಲ. ಮನೆಯಲ್ಲಿ ಅತ್ತೆ ಬಿಚ್ಚಿದರೆ ಎಷ್ಟೋ ಸಲ ಬಸ್ ಚಾರ್ಜಿಗೂ ಸಾಲದು. ಮೊದಲೇ ಕೇಳಬಾರದೇ ಎಂದರೆ, "ಸರಸ್ವತಿಯ ಕೆಲಸಕ್ಕೆ ಚೌಕಾಸಿಯೇನೋ?" ಎನ್ನುತ್ತಿದ್ದರು. ಶಾಮಿಯಾನದವನಿಗೆ, ಮೈಕಿನವನಿಗೆ ಅದೇ ಸಮಿತಿ ಮುಂಗಡ ಕೊಟ್ಟಿರುತ್ತಿತ್ತು! ಕಾವ್ಯ ಓದುವವರ ಹತ್ತಿರ ಮಾತ್ರ ದುಡ್ಡಿನ ಮಾತೆತ್ತಲು ಸಂಕೋಚ. ಖರ್ಚನ್ನು ಲೆಕ್ಕವಿಟ್ಟು ಕೊಡುವ ಪದ್ಧತಿ ನಮಗೆ ತಿಳಿಯದ್ದೇನೂ ಅಲ್ಲ; ಸರ್ಕಾರಿ ನೌಕರರಿಗೆ ಪ್ರಯಾಣ ಭತ್ಯೆ, ದಿನಭತ್ಯೆಗಳ ನಿಯಮಗಳಿವೆ, ಅವರು ಅದನ್ನು ತಪ್ಪದೆ ಪಡೆಯುತ್ತಾರೆ.

ಇಲ್ಲಿಯವರು ಇಷ್ಟು ಬಿಡಿಸಿ ಬರೆಯುವುದು ಬರೀ ಸೌಜನ್ಯದಿಂದಲ್ಲ, ನಿಜ. ಲೆಕ್ಕ ಒಪ್ಪಿಸಿ ಪಡೆದ ಖರ್ಚಿಗೆ ಸಾಮಾನ್ಯವಾಗಿ ತೆರಿಗೆಯಿಲ್ಲ, ಆನರೇರಿಯಂ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ. ಬಿ-1 ಎಂಬ ತಾತ್ಕಾಲಿಕ ಭೇಟಿಯ ವೀಸಾದಲ್ಲಿ ಬಂದ ವಿದ್ವಾಂಸರಾದರೆ ಸಂಭಾವನೆ ಪಡೆಯುವ ಕೆಲಸ ಒಂದು ಸಂಸ್ಥೆಯಲ್ಲಿ 9 ದಿನ ಮೀರುವಂತಿಲ್ಲ, ಆರು ತಿಂಗಳಲ್ಲಿ 5ಕ್ಕಿಂತ ಹೆಚ್ಚು ಸಂಸ್ಥೆಗಳಿಂದ ಸಂಭಾವನೆ ಪಡೆಯುವಂತಿಲ್ಲ. ರೀಇಂಬರ್ಸ್‌ಮೆಂಟ್ ಎಂದರೆ ಮೊದಲು ಕೈಯಿಂದ ಹಾಕಬೇಕು ಎಂಬುದೂ ಇದೆ. ಸಂಶೋಧನಾ ವಿದ್ಯಾರ್ಥಿಗಳು ಕ್ರೆಡಿಟ್ ಕಾರ್ಡಿನ ಸಾಲ ಹೊತ್ತು ವಾರಗಟ್ಟಲೆ ಕಾಯುವುದನ್ನು ಕಂಡಿದ್ದೇನೆ.

ಉಪನ್ಯಾಸ ಮುಗಿದ ರಾತ್ರಿ ನಾನು ಹೋಟೆಲಿನಲ್ಲಿ ಒಬ್ಬನೇ ಊಟ ಮಾಡಿದೆ. ಮಾವನನ್ನಾದರೆ ನಸುಕಿನಲ್ಲೇ ಬಸ್ ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತಿದ್ದರು, ಹಂಡೆಯಲ್ಲಿ ಬಿಸಿನೀರು ಕಾದಿರುತ್ತಿತ್ತು, ಮನೆಯವರ ಪಂಕ್ತಿಯಲ್ಲೇ ಎಲೆ ಹಾಕುತ್ತಿದ್ದರು. ಆ ಆದರ ಇಲ್ಲಿ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ "ಟಿಕೆಟ್ ನಾವೇ ಮಾಡಿಸುತ್ತೇವೆ, ಸಂಭಾವನೆ ಇಷ್ಟು" ಎಂದು ಆ ಫೋನಿನಲ್ಲೇ ಹೇಳಿದ್ದರೆ ಆ ಆದರಕ್ಕೆ ಯಾವ ಕುಂದೂ ಬರುತ್ತಿರಲಿಲ್ಲ.